ಬಾರೆ ಫೀಲ್ಡಿಗೆ ತೆಂಗು ನೆಟ್ಟ ವರ್ಷ

ಕಳೆದ ತಿಂಗಳು ಒಂದು ಫೋನು ಬಂತು. ತುರುವೇಕೆರೆಯಲ್ಲಿ ನನ್ನದೊಂದು ಮೋಟಾರು ವೈಂಡಿಂಗ್ ಅಂಗಡಿ ಇದೆ. ಬೋರಿನ ಮೋಟಾರು ಸುಟ್ಟುಹೋಗಿದೆ, ಬಂದು ನೋಡಿ ಎನ್ನುವ ಫೋನುಗಳು ದಿನಕ್ಕೆ ನಾಲ್ಕಾದರೂ ಬರುತ್ತವೆ. ನಾಲ್ಕಕ್ಕೂ ‘ಹೊರಟೆ, ದಾರೀಲಿದ್ದೀನಿ’ ಎಂದು ಹೇಳಿ ಇನ್ನೊಂದು ಟೀ ಕುಡಿಯುವುದು ನಮ್ಮ ಕಸುಬಿನ ಪದ್ಧತಿ. ಈ ಸಲ ಮಾತ್ರ ಟೀ ಲೋಟದಲ್ಲೇ ಆರಿಹೋಯಿತು. ಫೋನು ಮಾಡಿದವನು ಪುಟ್ಟಸ್ವಾಮಣ್ಣನ ಮಗ ಕುಮಾರ. ಅವನ ಊರೇ ನನ್ನ ಊರು. ಹೊನ್ನವಳ್ಳಿಯಿಂದ ಒಳಕ್ಕೆ ನಾಲ್ಕು ಮೈಲಿ. ನಾನು ಅಲ್ಲಿ ಕಾಲಿಟ್ಟು ಹತ್ತು ವರ್ಷದ ಮೇಲಾಗಿತ್ತು.

ಬರುವುದಿಲ್ಲ ಎನ್ನಲು ನೂರು ನೆಪ ಸಿಗುತ್ತಿದ್ದವು. ಆದರೆ ಆ ಊರಿನಲ್ಲಿ ಯಾರ ಮುಖ ನೋಡಲು ಹೆದರಿ ಇಷ್ಟು ವರ್ಷ ತಲೆತಪ್ಪಿಸಿಕೊಂಡಿದ್ದೆನೋ ಆ ಮನುಷ್ಯ ತೀರಿಕೊಂಡು ಎರಡು ವರ್ಷವಾಗಿತ್ತು. ಇನ್ನು ಹೆದರುವುದಕ್ಕೆ ಏನಿದೆ ಎಂಬ ಹೇಡಿ ಧೈರ್ಯದಲ್ಲಿ ಗಾಡಿ ಹತ್ತಿದೆ.

ಕುಮಾರ ನೇರ ತೋಟಕ್ಕೆ ಕರೆದುಕೊಂಡು ಹೋದ. ಹಿಂದಿನ ದಿನ ಒಳ್ಳೆಯ ಮಳೆ ಬಿದ್ದಿತ್ತು. ಬೋರಿನ ಪಕ್ಕ ಗುಡ್ಡೆ ಹಾಕಿದ್ದ ಕಾಯಿಸಿಪ್ಪೆ ನೆಂದು ಹುಳಿಹುಳಿ ವಾಸನೆ ಬರುತ್ತಿತ್ತು. ನಮ್ಮ ಕಡೆಯವರಿಗೆ ಅದೊಂದು ವಾಸನೆಯೇ ಅಲ್ಲ, ಗಾಳಿಯೇ ಹಾಗಿರುತ್ತದೆ. ಆದರೆ ಆ ಜಾಗದಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ನಾನು ಸ್ಪಾನರ್ ಚೀಲ ಕೆಳಗಿಟ್ಟು ಕೂತುಬಿಟ್ಟೆ. ‘ಸುಸ್ತಾಯ್ತೇನಣ್ಣ?’ ಎಂದ ಕುಮಾರ. ಹೂಂ ಎಂದೆ.

ಆ ತೋಟವನ್ನು ಹೊಸಬರು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಸುತ್ತ ನಾಲ್ಕೂ ಕಡೆ ಎತ್ತರದ ಮರಗಳ ಒಂದೊಂದೇ ಸಾಲು, ಒಳಗೆಲ್ಲ ಅದರ ಅರ್ಧದಷ್ಟಿರುವ ಎಳೆಯ ಮರಗಳು. ನಡುವೆ ಇದ್ದ ಹಳೆಯ ಮರಗಳು ರೋಗ ಬಂದು ಹೋಗಿರಬೇಕು, ಮತ್ತೆ ನೆಟ್ಟಿದ್ದಾರೆ ಎಂದುಕೊಳ್ಳುತ್ತಾರೆ. ನಡುವೆ ಹಳೆಯ ಮರ ಇರಲೇ ಇಲ್ಲ. ನಡುವೆ ಇದ್ದದ್ದು ಫುಟ್ಬಾಲ್ ಫೀಲ್ಡು. ನಾನು ಕೂತಿದ್ದ ಜಾಗದಲ್ಲಿ, ಈಗ ಬೋರಿನ ಕೇಸಿಂಗ್ ಪೈಪು ತಲೆ ಎತ್ತಿರುವ ಕಡೆ, ಆರು ವರ್ಷ ನಾನು ಗೋಲು ಕಾದಿದ್ದೆ.

ತೆಂಗಿನ ಸೀಮೆಯಲ್ಲಿ ಫುಟ್ಬಾಲ್ ಎಲ್ಲಿಂದ ಬಂತು ಎಂದು ಬೇರೆ ಕಡೆಯವರು ಕೇಳುತ್ತಾರೆ. ನಮ್ಮೂರಿಗೆ ಅದು ಬಂದದ್ದು ಮಿಲ್ಟ್ರಿ ಶಿವಣ್ಣನವರ ಟ್ರಂಕಿನಲ್ಲಿ. ನನ್ನಪ್ಪನ ಓರಗೆಯವರು. ಸೈನ್ಯದಲ್ಲಿ ಹದಿನೇಳು ವರ್ಷ ಇದ್ದು ಬರುವಾಗ ಬೇರೆಯವರು ರೇಡಿಯೋ ತಂದರೆ ಇವರು ಗಾಳಿ ಇಳಿದ ಒಂದು ಚರ್ಮದ ಚೆಂಡು, ಒಂದು ಸೀಟಿ ತಂದರು. ಊರ ಪಕ್ಕದಲ್ಲಿ ಸರ್ಕಾರಿ ಬಾರೆಯೊಂದಿತ್ತು. ಬರೀ ಹರಳುಕಲ್ಲು ತುಂಬಿದ ದಿಣ್ಣೆ. ಹುರುಳಿ ಚೆಲ್ಲಿದರೂ ಹುಟ್ಟುತ್ತಿರಲಿಲ್ಲ, ದನ ಕೂಡ ಅಲ್ಲಿ ನಿಲ್ಲುತ್ತಿರಲಿಲ್ಲ. ಶಿವಣ್ಣನವರು ಎರಡು ಬೇಸಿಗೆ ಸ್ವಂತ ಎತ್ತು ಕಟ್ಟಿ ಅದನ್ನು ಮಟ್ಟ ಮಾಡಿದರು. ಆಯ್ದ ಕಲ್ಲನ್ನೆಲ್ಲ ಅಂಚಿಗೆ ಸುರಿದರು. ಸಿಡಿಲು ಬಡಿದು ಸತ್ತ ಎರಡು ತೆಂಗಿನ ಮರ ಸೀಳಿ ಎರಡೂ ಕಡೆಗೆ ಕಂಬ ನೆಟ್ಟು, ಮೇಲೆ ಬಿದಿರು ಕಟ್ಟಿದರು. ಬಲೆ ನಾರಿನ ಹಗ್ಗದ್ದು, ಅವರ ಹೆಂಡತಿ ಗಂಗಮ್ಮನವರೇ ಹೆಣೆದದ್ದು. ಮೊದಲಿಗೆ ಊರವರು ನಕ್ಕರಂತೆ. ಆಮೇಲೆ ಹಾಲ್ಕುರಿಕೆಯಲ್ಲೊಂದು ತಂಡ ಹುಟ್ಟಿತು, ಹೊನ್ನವಳ್ಳಿಯಲ್ಲಿ ಎರಡು, ಚಿಕ್ಕನಾಯಕನಹಳ್ಳಿಯಿಂದ ಟ್ರ್ಯಾಕ್ಟರ್ ಮಾಡಿಕೊಂಡು ಬರತೊಡಗಿದರು. ಬಾರೆ ಫೀಲ್ಡು ಎಂದರೆ ಮೂರು ತಾಲ್ಲೂಕಿಗೆ ಗೊತ್ತಾಯಿತು.

ನಾನು ಅವರನ್ನು ಮಾವ ಎನ್ನುತ್ತಿದ್ದೆ, ಗಂಗಮ್ಮನವರನ್ನು ಅತ್ತೆ. ರಕ್ತಸಂಬಂಧ ಏನೂ ಇರಲಿಲ್ಲ. ನನ್ನನ್ನು ಗೋಲಿನಲ್ಲಿ ನಿಲ್ಲಿಸಿದ್ದೂ ಅವರೇ. ಒಂದು ದಿನ ನಮ್ಮ ಮನೆಯ ಅಟ್ಟಕ್ಕೆ ಕಾಯಿ ತುಂಬುತ್ತಿದ್ದೆವು. ಕೆಳಗಿನಿಂದ ಅಪ್ಪ ಎರಡೆರಡು ಕಾಯಿ ಎಸೆಯುವುದು, ಅಟ್ಟದ ಬಾಯಲ್ಲಿ ಕೂತ ನಾನು ಹಿಡಿದು ಹಿಂದಕ್ಕೆ ತಳ್ಳುವುದು. ಬೀದಿಯಲ್ಲಿ ಹೋಗುತ್ತಿದ್ದ ಮಾವ ಅಲ್ಲೇ ನಿಂತು ನೋಡಿದರು.

‘ಲೇ ಲೋಕಿ, ಎಷ್ಟು ಕಾಯಿ ಬಿಟ್ಟೆ ಇವತ್ತು?’

‘ಒಂದೂ ಇಲ್ಲ ಮಾವ.’

‘ನಾಳೆ ಸಂಜೆ ಫೀಲ್ಡಿಗೆ ಬಾರ್ಲಾ. ಕಾಯಿ ಹಿಡಿಯೋನಿಗೆ ಚೆಂಡು ಏನ್ ಮಹಾ.’

ಚೆಂಡು ಕಾಯಿಯಷ್ಟು ಸುಲಭ ಇರಲಿಲ್ಲ. ಕಾಯಿ ಎಸೆಯುವವನು ನಾವು ಹಿಡಿಯಲಿ ಎಂದು ಎಸೆಯುತ್ತಾನೆ. ಚೆಂಡು ಒದೆಯುವವನ ಮನಸ್ಸೇ ಬೇರೆ. ಮೊದಲ ಪಂದ್ಯದಲ್ಲಿ ಏಳು ಗೋಲು ಬಿಟ್ಟೆ. ಊರಿಗೆ ಊರೇ ಬೈದರೂ ಮಾವ ಒಂದು ಮಾತು ಆಡಲಿಲ್ಲ. ಹರಳು ತರಚಿ ನನ್ನ ಕೈಗಾಗಿದ್ದ ಗಾಯಕ್ಕೆ ಅರಿಶಿನ ಹಚ್ಚಿಸಲು ಮನೆಗೆ ಕರೆದುಕೊಂಡು ಹೋಗಿ, ‘ಇವನಿಗೆ ಎರಡು ಮುದ್ದೆ ಜಾಸ್ತಿ ಹಾಕೇ, ಏಳು ಸಲ ಬಿದ್ದವ್ನೆ’ ಎಂದರು. ಅಪ್ಪನ ಹತ್ತಿರವೂ ಸಿಗದ ಒಂದು ಸಲುಗೆ ನನಗೆ ಆ ಮನೆಯಲ್ಲಿ ಸಿಕ್ಕಿತು.

ನಾನು ತಂಡದ ಕ್ಯಾಪ್ಟನ್ ಆದ ವರ್ಷ ಸಂಕ್ರಾಂತಿ ಹೊತ್ತಿಗೆ ಸುದ್ದಿ ಹಬ್ಬಿತು. ಸುತ್ತಲ ಊರುಗಳ ಕಸ ತಂದು ಸುರಿಯಲು ತಾಲ್ಲೂಕು ಆಫೀಸಿನವರು ಖಾಲಿ ಜಾಗ ಹುಡುಕುತ್ತಿದ್ದಾರೆ, ಬಾರೆ ಫೀಲ್ಡಿನ ಮೇಲೆ ಕಣ್ಣು ಬಿದ್ದಿದೆ ಎಂದು. ಖಾಲಿ ಜಾಗ! ಮೂವತ್ತು ವರ್ಷ ಜನ ಓಡಾಡಿ ನುಣ್ಣಗೆ ಸವೆಸಿದ ಜಾಗ ಅವರ ಕಾಗದದಲ್ಲಿ ಖಾಲಿ. ಹುಡುಗರೆಲ್ಲ ಸೇರಿ ತಲೆಗೊಂದು ಮಾತಾಡಿದರು. ನನಗೆ ಹೊಳೆದದ್ದು ಒಂದೇ. ನಮ್ಮ ಸೀಮೆಯಲ್ಲಿ ತೆಂಗು ಇಲ್ಲದ ನೆಲವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ತೆಂಗು ಇದ್ದ ನೆಲಕ್ಕೆ ಯಾರೂ ಕೈ ಹಾಕುವುದಿಲ್ಲ. ಫೀಲ್ಡಿನ ಸುತ್ತ ತೆಂಗಿನ ಸಸಿ ನೆಟ್ಟುಬಿಡೋಣ ಎಂದೆ. ಎಲ್ಲರೂ ಕುಣಿದರು.

ಮಾವ ಒಬ್ಬರೇ ಕುಣಿಯಲಿಲ್ಲ. ‘ಫೀಲ್ಡಿಗೆ ತೆಂಗು ಯಾಕ್ಲಾ? ನಾಕು ಬೇವು ಹಾಕಿ, ಹೊಂಗೆ ಹಾಕಿ. ನೆರಳಾಯ್ತದೆ.’

‘ಬೇವು ನೋಡಿ ಯಾರು ಹೆದರ್ತಾರೆ ಮಾವ? ತೆಂಗಿದ್ರೆ ಯಾರದ್ದೋ ಜಾಗ ಅಂತ ಗೊತ್ತಾಯ್ತದೆ.’

‘ಯಾರದ್ದೋ ಅಂತ ಗೊತ್ತಾಗೋದೇ ಬ್ಯಾಡ ಕಣ್ಲಾ. ಇದು ಯಾರದ್ದೂ ಅಲ್ಲ, ಅದ್ಕೇ ಎಲ್ರದ್ದೂ ಆಗೈತೆ’ ಎಂದರು. ಮಿಲ್ಟ್ರಿಯವರಿಗೆ ತೋಟದ ವಿಷಯ ಏನು ಗೊತ್ತು ಎಂದು ನಾವು ನಕ್ಕೆವು. ಅವರೂ ನಕ್ಕು, ‘ಆಯ್ತು ಬುಡು, ಕ್ಯಾಪ್ಟನ್ನು ನೀನು’ ಎಂದು ಹಾರೆ ಎತ್ತಿಕೊಂಡು ಬಂದರು. ಆ ನಗು ನೆನೆದರೆ ಇವತ್ತಿಗೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಹರಳು ನೆಲದಲ್ಲಿ ಗುಣಿ ತೋಡುವುದೆಂದರೆ ಸಾಮಾನ್ಯವೇ. ಬೇಸಿಗೆ ಪೂರ್ತಿ ಅದೇ ಕೆಲಸ. ಬೆಳಿಗ್ಗೆ ಬಿಸಿಲೇರುವವರೆಗೆ ಗುಣಿ, ಸಂಜೆ ಆಟ. ಪ್ರತಿ ಗುಣಿಯ ತಳಕ್ಕೂ ನೆನೆದ ಕಾಯಿಸಿಪ್ಪೆ ಹಾಸಿದೆವು, ತೇವ ಹಿಡಿಯಲಿ ಎಂದು. ಇಡೀ ಫೀಲ್ಡು ಆ ಹುಳಿ ವಾಸನೆಯಲ್ಲಿ ಮುಳುಗಿತ್ತು. ಗೋಲಿಗೆ ಜಿಗಿದು ಬಿದ್ದರೆ ಬಟ್ಟೆಯಲ್ಲೂ ಅದೇ. ಮುಂಗಾರಿನ ಮೊದಲ ಮಳೆ ಬಿದ್ದ ಮಾರನೇ ದಿನ ಮನೆಗೊಂದರಂತೆ ಸಸಿ ಬಂತು. ಮುದುಕಿಯರು ಕೂಡ ಸೊಂಟದ ಮೇಲೆ ಸಸಿ ಇಟ್ಟುಕೊಂಡು ಬಂದರು. ಐವತ್ತೆರಡು ಸಸಿ. ಗಂಗತ್ತೆ ತಮ್ಮ ಪಾಲಿನದನ್ನು ನನ್ನ ಗೋಲಿನ ಹಿಂದೆ ನೆಟ್ಟು, ‘ಇದು ದೊಡ್ಡದಾಗಲಿ, ಚೆಂಡು ಹುಡುಕೋಕೆ ನೀನು ಹಳ್ಳಕ್ಕೆ ಹೋಗೋದು ತಪ್ಪುತ್ತೆ’ ಎಂದರು.

ಆ ವರ್ಷ ಮುಂಗಾರು ಹೀಗೆ ಬಂದು ಹಾಗೆ ಹೋಯಿತು. ಸಸಿಗಳು ಒಣಗತೊಡಗಿದಾಗ ಕೈಹಿಡಿದವರು ಪಕ್ಕದ ತೋಟದ ಪುಟ್ಟಸ್ವಾಮಣ್ಣ. ಫುಟ್ಬಾಲ್ ಎಂದರೆ ಏನೆಂದು ಗೊತ್ತಿರಲಿಲ್ಲ ಆ ಪುಣ್ಯಾತ್ಮನಿಗೆ. ಇಷ್ಟು ಹುಡುಗರು ಒಂದೇ ಚೆಂಡಿಗೆ ಯಾಕೆ ಬಡಿದಾಡಬೇಕು, ಒಬ್ಬೊಬ್ಬರು ಒಂದೊಂದು ತಗೋಬಾರದೇ ಎಂದು ಕೇಳಿದವರು. ಆದರೆ ತೆಂಗಿನ ಸಸಿ ಬಾಡುವುದನ್ನು ಅವರಿಂದ ನೋಡಲಾಗಲಿಲ್ಲ. ತಮ್ಮ ಬೋರಿನಿಂದ ಪೈಪು ಎಳೆದು ವಾರಕ್ಕೆರಡು ಸಲ ಎಲ್ಲ ಪಾತಿಗೂ ನೀರು ಬಿಟ್ಟರು. ಒಂದು ಸಸಿಯೂ ಸಾಯಲಿಲ್ಲ.

ಕಾರ್ತೀಕದಲ್ಲಿ ಗ್ರಾಮ ಲೆಕ್ಕಿಗರು ಸ್ಥಳ ನೋಡಲು ಬಂದರು. ಒಳ್ಳೆಯ ಮನುಷ್ಯ. ಸುತ್ತಲೂ ಹಸಿರಾಗಿ ನಿಂತ ಸಸಿ ನೋಡಿ, ‘ಇದೇನ್ರಪ್ಪಾ, ಖಾಲಿ ಅಂದಿದ್ರು’ ಎಂದು ನಕ್ಕರು. ನಾವು ಎದೆ ಉಬ್ಬಿಸಿ ನಿಂತೆವು. ಮಾವ ಮಾತ್ರ ಇರಲಿಲ್ಲ, ಕಣ್ಣಿನ ಆಪರೇಷನ್ನಿಗೆಂದು ಹಾಸನಕ್ಕೆ ಹೋಗಿದ್ದರು. ಲೆಕ್ಕಿಗರು ಗೋಲಿನ ಕಂಬಕ್ಕೆ ಒರಗಿ ಮಹಜರು ಬರೆಯಲು ಕೂತರು. ತೆಂಗಿನ ಸಸಿ ಐವತ್ತೆರಡು, ಚೆನ್ನಾಗಿ ಬಂದಿವೆ ಎಂದು ಬರೆದು ತಲೆ ಎತ್ತಿದರು.

‘ಯಾರು ನೋಡ್ಕೊಳ್ತಿರೋದು?’

‘ನಾವೇ ಸಾರ್, ಹುಡುಗ್ರು.’

‘ಹುಡುಗ್ರು ಅಂತ ಬರಿಯೋಕೆ ಆಗಲ್ಲ ಕಣ್ರಪ್ಪಾ. ಒಂದು ಹೆಸರು ಹೇಳಿ.’

ನಮ್ಮ ಕಡೆ ಒಂದು ಮರ್ಯಾದೆ ಇದೆ. ಸಸಿ ಯಾರೇ ನೆಡಲಿ, ನೀರು ಕೊಟ್ಟವರ ಹೆಸರು ಬಿಟ್ಟು ಮರದ ಮಾತು ಎತ್ತುವುದಿಲ್ಲ. ಮೊದಲ ಗೊನೆ ಇಳಿದಾಗಲೂ ಎರಡು ಕಾಯಿ ನೀರು ಕೊಟ್ಟವರ ಮನೆಗೆ ಹೋಗಬೇಕು. ಪುಟ್ಟಸ್ವಾಮಣ್ಣ ಅಲ್ಲೇ ಬದುವಿನ ಮೇಲೆ ಟವೆಲ್ಲು ಹಾಸಿ ಕೂತಿದ್ದರು. ಅವರನ್ನು ಎದುರಿಗಿಟ್ಟುಕೊಂಡು ಇನ್ನೊಬ್ಬರ ಹೆಸರು ಹೇಳಲು ನನ್ನ ನಾಲಿಗೆ ಏಳಲಿಲ್ಲ. ‘ಪುಟ್ಟಸ್ವಾಮಣ್ಣ ಅಂತಲೇ ಬರ್ಕೊಳಿ ಸಾರ್’ ಎಂದೆ. ‘ಏ, ನಂದ್ಯಾಕ್ಲಾ ಲೋಕಿ’ ಎಂದು ಅವರು ಸಂಕೋಚಪಟ್ಟರು. ‘ಇರ್ಲಿ ಸುಮ್ನಿರಣ್ಣ’ ಎಂದು ನಾನೇ ಒತ್ತಾಯ ಮಾಡಿದೆ. ಸದರಿ ಜಾಗದಲ್ಲಿ ತೆಂಗು ಬೆಳೆಸಿ ಸಾಗುವಳಿ ಮಾಡುತ್ತಿರುವವರು ಎಂದು ಲೆಕ್ಕಿಗರು ಬರೆದರು. ಸಾಕ್ಷಿ ಎಂದು ಕೆಳಗೆ ಸಹಿ ಮಾಡಿದವನು ನಾನು. ಕ್ಯಾಪ್ಟನ್ ಅಲ್ಲವೇ, ಇನ್ಯಾರು ಮಾಡಬೇಕು? ಹೆಸರು ಪೂರ್ತಿಯಾಗಿ, ತಂದೆಯ ಹೆಸರಿನ ಸಮೇತ, ದಪ್ಪ ಅಕ್ಷರದಲ್ಲಿ ಬರೆದೆ.

ಕಸ ಬರಲಿಲ್ಲ. ಹಾಸನದಿಂದ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಬಂದ ಮಾವ, ‘ಗೆದ್ದೆ ಕಣ್ಲಾ ನೀನು’ ಎಂದು ನನ್ನ ಬೆನ್ನು ತಟ್ಟಿದರು. ಮಹಜರಿನ ವಿಷಯ ಹೇಳಬೇಕು ಎಂದು ನನಗೆ ತೋಚಲೂ ಇಲ್ಲ. ಆ ವರ್ಷದ ಕೊನೆಯ ಪಂದ್ಯ ಚಿಕ್ಕನಾಯಕನಹಳ್ಳಿಯವರ ಮೇಲೆ. ಒಂದು ಗೋಲಿನಿಂದ ಗೆದ್ದೆವು, ನಾನು ಒಂದು ಪೆನಾಲ್ಟಿ ಹಿಡಿದೆ. ಪುಟ್ಟಸ್ವಾಮಣ್ಣ ಎರಡು ಕೊಳಗ ಮಜ್ಜಿಗೆ ಹೊರಿಸಿಕೊಂಡು ಬಂದು ಎರಡೂ ತಂಡಕ್ಕೆ ಕೊಟ್ಟರು. ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಸೀಟಿ ಊದಿದ ಮಾವನಿಗೆ ಎದುರಾಳಿಗಳು, ‘ಅದ್ಕೇ ಕಣ್ರೀ ನಮ್ಮ ಗೋಲು ನಿಮ್ಗೆ ಕಾಣ್ಲಿಲ್ಲ’ ಎಂದು ಕಿಚಾಯಿಸಿದರು. ನನ್ನ ಆಯುಸ್ಸಿನಲ್ಲಿ ಅಷ್ಟು ಸುಖವಾದ ಸಂಜೆ ಮತ್ತೆ ಬರಲಿಲ್ಲ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ನಿಧಾನವಾಗಿ ಹೇಳುವಷ್ಟು ಗಟ್ಟಿಯಿಲ್ಲ ನಾನು. ಮದುವೆಯಾಗಿ ತುರುವೇಕೆರೆಗೆ ಬಂದೆ. ಅಪ್ಪ ಹೋದ ಮೇಲೆ ಅಮ್ಮನನ್ನೂ ಕರೆದುಕೊಂಡು ಬಂದೆ. ಆದರೂ ಭಾನುವಾರ ತಪ್ಪದೆ ಆಟಕ್ಕೆ ಹೋಗುತ್ತಿದ್ದೆ. ಪುಟ್ಟಸ್ವಾಮಣ್ಣ ತೀರಿಕೊಂಡರು. ಅವರ ಮಕ್ಕಳು ಪೆಟ್ಟಿಗೆ ತೆಗೆದಾಗ ಮಹಜರಿನ ಪ್ರತಿ ಸಿಕ್ಕಿತು. ಅಷ್ಟು ಹೊತ್ತಿಗೆ ಪಹಣಿಯಲ್ಲೂ ಪ್ರತಿ ವರ್ಷ ಅವರ ಹೆಸರೇ ಸಾಗುತ್ತಾ ಬಂದಿತ್ತು. ಸರ್ಕಾರಿ ಜಮೀನು ಸಾಗುವಳಿ ಮಾಡಿದವರಿಗೆ ಸಕ್ರಮ ಮಾಡಿಕೊಡುತ್ತಿದ್ದ ಕಾಲ. ಅರ್ಜಿ ಹಾಕಿದರು, ಮಂಜೂರಾಯಿತು. ಕಾಗದದ ಪ್ರಕಾರ ಎಲ್ಲ ಸರಿಯಾಗಿಯೇ ಇತ್ತು. ಒಂದು ಭಾನುವಾರ ಹೋದರೆ ಫೀಲ್ಡಿನ ಸುತ್ತ ತಂತಿ ಬೇಲಿ, ಒಳಗೆ ಹೊಸ ಗುಣಿಗಳು. ಬೇಲಿಯ ಹೊರಗೆ ಮಾವ ಕೈಕಟ್ಟಿ ನಿಂತಿದ್ದರು. ‘ಯಾರೋ ಮಹಜರು ಬರೆಸವ್ರಂತೆ ಕಣ್ಲಾ, ಯಾರು ಅಂತ ನೋಡ್ಬೇಕು’ ಎಂದರು. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಹೊರಟುಬಂದೆ.

ಅದೇ ಕೊನೆ. ನಾನೇ ಬರೆಸಿದ್ದು ಮಾವ ಎಂದು ಒಂದು ಮಾತು ಹೇಳಲು ಎರಡು ಸಲ ಹೊರಟೆ. ಎರಡು ಸಲವೂ ತಿಪಟೂರು ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಇಡ್ಲಿ ತಿಂದು, ತುರುವೇಕೆರೆ ಬಸ್ಸು ಹತ್ತಿ ವಾಪಸ್ಸು ಬಂದೆ. ಅವರು ಮೇಲರ್ಜಿ ಹಾಕಲು ಓಡಾಡುತ್ತಿದ್ದಾರೆ ಎಂದು ಕೇಳಿದೆ. ಆಮೇಲೆ ಕೈಬಿಟ್ಟರು ಎಂದೂ ಕೇಳಿದೆ. ಸಾವಿನ ಸುದ್ದಿ ಬಂದಾಗ ಅಂಗಡಿಯ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆ, ಮಣ್ಣಿಗೂ ಹೋಗಲಿಲ್ಲ.

ಇಷ್ಟೆಲ್ಲ ಆ ಕಾಯಿಸಿಪ್ಪೆಯ ಪಕ್ಕ ಕೂತು ನೆನೆಯುತ್ತಿದ್ದರೆ, ಕುಮಾರ ಎಳನೀರು ಕೆತ್ತಿ ತಂದು ಕೊಟ್ಟ. ಅವನಲ್ಲಿ ಕಪಟವಿಲ್ಲ. ‘ಅಪ್ಪ ಸಾಯೋಗಂಟ ನಿಮ್ಮನ್ನ ನೆನೀತಿದ್ರು ಕಣಣ್ಣ. ಲೋಕಿ ಬಾಯಿಂದ ಬಂದ ಹೆಸರು ಕಣ್ಲಾ, ಅವ್ನ ಉಪಕಾರ ಮರೀಬ್ಯಾಡಿ ಅನ್ನೋರು’ ಎಂದ. ಎಳನೀರು ಕೈಯಲ್ಲೇ ಉಳಿಯಿತು. ಮೋಟಾರು ಎತ್ತಿಸಿ ಗಾಡಿಗೆ ಹಾಕಿ, ಊರೊಳಗೆ ಗಂಗತ್ತೆಯ ಮನೆಗೆ ನಡೆದೆ. ಇಷ್ಟು ವರ್ಷದ ಮೇಲೆ ಹೇಳಿದರೆ ಏನು ಪ್ರಯೋಜನ, ಆದರೂ ಹೇಳದೆ ಇನ್ನು ಇರಲಾಗಲಿಲ್ಲ.

ಅತ್ತೆ ಜಗಲಿಯಲ್ಲಿ ಮಗಳ ಜೊತೆ ಹುಣಸೆ ಬೀಜ ಬಿಡಿಸುತ್ತಾ ಕೂತಿದ್ದರು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ‘ಲೋಕಿನಾ?’ ಎಂದು, ಮಗಳಿಗೆ ‘ನೀರು ಕೊಡೇ’ ಎಂದರು, ಹೋದ ಭಾನುವಾರವಷ್ಟೇ ಬಂದು ಹೋದವನಿಗೆ ಹೇಳುವ ಹಾಗೆ. ನಾನು ಕೂರಲಿಲ್ಲ. ನಿಂತೇ ಹೇಳಿದೆ. ‘ಅತ್ತೆ, ಆ ಮಹಜರು ಬರೆಸಿದ್ದು ನಾನು. ಸಹಿ ಹಾಕಿದ್ದೂ ನಾನೇ. ಮಾವನಿಗೆ ಹೇಳಲಿಲ್ಲ.’

ಅತ್ತೆಯ ಕೈ ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ. ‘ಅವ್ರಿಗೆ ಗೊತ್ತಿತ್ತು ಕಣಪ್ಪ’ ಎಂದರು. ‘ತಾಲ್ಲೂಕು ಆಫೀಸಲ್ಲಿ ನಕಲು ಈಸ್ಕಂಡ್ ಬಂದ್ರಲ್ಲ, ಅವತ್ತೇ ನೋಡುದ್ರು. ಅಪ್ಪನ ಹೆಸ್ರು ಸಮೇತ ಬರದವ್ನೆ ನೋಡೇ ದಡ್ಡ ಅಂತ ನಂಗೂ ತೋರ್ಸುದ್ರು.’

‘ಮತ್ತೆ... ಮೇಲರ್ಜಿ ಯಾಕೆ ಬಿಟ್ರು ಅತ್ತೆ?’

‘ಲಾಯ್ರು ಹೇಳುದ್ರು, ಸಹಿ ಹಾಕ್ದೋನೇ ಬಂದು ಗಿಡ ನೆಟ್ಟೋರು ಊರ ಹುಡುಗ್ರು ಅಂತ ಹೇಳುದ್ರೆ ಫೀಲ್ಡು ಉಳೀತದೆ, ಅವ್ನಿಗೆ ನೋಟೀಸು ಕಳ್ಸಾನ ಅಂತ. ಇವ್ರು ಒಪ್ಲಿಲ್ಲ. ನಮ್ಮ ಹುಡುಗನ್ನ ಕಳ್ಳನ್ನ ಕರ್ದಂಗೆ ಕರ್ಸಬಾರ್ದು, ಅವ್ನೇ ಬತ್ತಾನೆ ಬುಡಿ ಅಂದ್ರು.’

‘ಒಂದು ಮಾತು ಹೇಳಿ ಕಳಿಸಿದ್ರೆ ಓಡಿ ಬರ್ತಿದ್ನಲ್ಲ ಅತ್ತೆ’ ಎಂದೆ.

ಅತ್ತೆ ಕೈಯಲ್ಲಿದ್ದ ಹುಣಸೆಹಣ್ಣನ್ನು ಮೊರಕ್ಕೆ ಹಾಕಿದರು. ‘ಮೇಲರ್ಜಿ ಹಾಕೋಕೆ ಎರಡು ತಿಂಗಳು ವಾಯ್ದೆ ಇತ್ತು. ಅಷ್ಟು ದಿನಾನೂ ಸಂಜೆ ಐದು ಗಂಟೆ ಬಸ್ಸು ಬರೋ ಹೊತ್ಗೆ ಶರ್ಟ್ ಹಾಕ್ಕಂಡು ಕ್ರಾಸಿಗೆ ಹೋಗಿ ನಿಂತ್ಕಳೋರು. ಎಲ್ಲಿಗೆ ಅಂದ್ರೆ, ಲೋಕಿ ಬತ್ತಾನೆ ಅನ್ನೋರು.’ ಇನ್ನೊಂದು ಹಣ್ಣು ಎತ್ತಿಕೊಂಡು, ನನ್ನ ಮುಖ ನೋಡದೆ ಹೇಳಿದರು. ‘ವಾಯ್ದೆ ಮುಗುದ್ಮೇಲೂ ಹೋಯ್ತಿದ್ರು ಕಣಪ್ಪ.’